ಅಪ್ಪನ ಬಿಡುಗಡೆ ಪತ್ರ

ಹೋದ ವಾರ ಹಮದ್ ಫೋನಿಗೆ ಒಂದು ಸಾಲು ಕಳಿಸಿದ್ದ. ಮಸ್ಕತ್ತಿನ ಹೊರಗಿನ ರುಸೈಲಿನ ಕಾರ್ಖಾನೆ ಕಟ್ಟಡ ಬಿಟ್ಟುಕೊಡುತ್ತಿದ್ದೇವೆ, ನಿಮ್ಮ ಲ್ಯಾಬಿನ ಮೇಜು ಬೀರು ಹಾಗೇ ಬಿದ್ದಿವೆ, ಬೇಕಾದ್ದು ಏನಾದರೂ ಇದ್ದರೆ ಗುರುವಾರದೊಳಗೆ ಬಂದು ತೆಗೆದುಕೊಳ್ಳಿ ಅಂತ. ನನಗೆ ಬೇಕಾದ್ದು ಅಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಮೂರು ವರ್ಷ ಸುಮ್ಮನಿರುತ್ತಿದ್ದೆನೆ? ಆದರೂ ಬುಧವಾರ ಅರ್ಧ ದಿನ ರಜೆ ಹಾಕಿ ಈಗಿನ ಕೆಲಸದ ಊರು ಬರ್ಕಾದಿಂದ ಕಾರು ಓಡಿಸಿಕೊಂಡು ಹೋದೆ. ಆ ಕಟ್ಟಡದ ವಿಷಯದಲ್ಲಿ ನಾನು ಮಾಡಿದ ಯಾವ ಕೆಲಸವೂ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಲ್ಯಾಬಿನ ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಥಿನ್ನರಿನದಲ್ಲ, ಥಿನ್ನರಿಗೆ ನನ್ನ ಮೂಗು ಯಾವತ್ತೋ ಕಲ್ಲಾಗಿದೆ. ಇದು ಸರೇಸಿನ ವಾಸನೆ. ಹಿಂದೆ ಮರಗೆಲಸದವರು ಡಬ್ಬದಲ್ಲಿ ಕುದಿಸುತ್ತಿದ್ದರಲ್ಲ, ಒದ್ದೆ ಚರ್ಮ ಕಾಯಿಸಿದ ಹಾಗೆ ನಾರುವ ಅಂಟು, ಅದು. ಜೊತೆಗೆ ಸೀಮೆಸುಣ್ಣದ ಪುಡಿ. ಎದುರಿನ ಗೋಡೆಗೆ ಅಪ್ಪ ಅದರಲ್ಲೇ ಬಣ್ಣ ಕಲಸಿ ಹಚ್ಚಿದ್ದ. ಎಸಿ ನಿಂತುಹೋದ ಕೋಣೆ ಬೇಸಿಗೆಯಲ್ಲಿ ಬೆಂದು ಗೋಡೆ ತನ್ನ ವಾಸನೆಯನ್ನೆಲ್ಲ ಹೊರಗೆ ಬಿಟ್ಟಿತ್ತು. ನಾನು ಸ್ಟೂಲಿನ ಧೂಳು ಒರೆಸಿ ಕುಳಿತೆ.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಅಪ್ಪ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಮಸ್ಕತ್ತಿಗೆ ಬಂದಿದ್ದ. ಎಂಬತ್ತೊಂದು ವರ್ಷ, ಕಣ್ಣು ಚುರುಕು, ಕಿವಿ ತನಗೆ ಬೇಕಾದಾಗ ಮಾತ್ರ ಚುರುಕು. ಅವನು ಬರುವುದಕ್ಕೆ ಹತ್ತು ದಿನ ಮುಂಚೆ ನಾನೊಂದು ಕೆಲಸ ಮಾಡಿದ್ದೆ. ರಾಜೀನಾಮೆ ಬರೆದು ಅಬು ಹಮದ್ ಅವರ ಮುಂದೆ ಇಟ್ಟಿದ್ದೆ. ಅಬು ಹಮದ್ ಎಂದರೆ ಈ ಪೇಂಟ್ ಕಾರ್ಖಾನೆಯ ಮಾಲೀಕರು, ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಗಾರರು. ಆ ಸಾಲು ಕಳಿಸಿದ ಹಮದ್ ಅವರ ಹಿರಿಮಗ. ಹದಿನಾಲ್ಕು ವರ್ಷ ನಾನು ಅವರ ಲ್ಯಾಬ್ ನೋಡಿಕೊಂಡಿದ್ದೆ. ಅವರ ಶೇಡ್ ಕಾರ್ಡಿನ ಅರ್ಧದಷ್ಟು ಬಣ್ಣಗಳು ನನ್ನ ಕೈಯಲ್ಲೇ ಹುಟ್ಟಿದವು. ಆಗ ಬರ್ಕಾದ ದೊಡ್ಡ ಕಂಪನಿಯೊಂದು ನನ್ನನ್ನು ಕರೆದಿತ್ತು. ಕೆಲಸ ಬದಲಿಸಲು ತಮ್ಮ ಅಭ್ಯಂತರವಿಲ್ಲವೆಂಬ ಮಾಲೀಕರ ಎನ್‌ಒಸಿ ಬೇಕೇ ಬೇಕು ಎನ್ನುವ ಕಾಲ ಮುಗಿದಿದ್ದರೂ, ರಾಜೀನಾಮೆ ಒಪ್ಪಿದ್ದೇನೆ ಎಂಬ ಮಾಲೀಕರ ಒಂದು ಸಹಿ ಬೇಕಾಗಿತ್ತು.

ಅವರು ಬೇಡ ಅಂತಾರೆ, ಆಗ ನಾನು ಹೀಗೆ ಹೇಳಬೇಕು, ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಆಗ ಹಾಗೆ ಹೇಳಬೇಕು, ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ. ಅವರು ಕಾಗದ ಎಳೆದುಕೊಂಡರು, ತಲೆ ಎತ್ತದೆ ಸಹಿ ಹಾಕಿದರು, "ಮಬ್ರೂಕ್, ಸಿಸ್ಟರ್" ಅಂತ ಶುಭ ಹಾರೈಸಿದರು, ಮುಂದಿನ ಫೈಲು ತೆರೆದರು. ಅಷ್ಟೇ. ಖಲಾಸ್.

ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲವಲ್ಲ! ಲ್ಯಾಬಿಗೆ ಬಂದು ಆ ಕಾಗದವನ್ನು ಮೇಜಿನ ಕೆಳಡ್ರಾನಲ್ಲಿ, ಕೆಟ್ಟುಹೋದ ಮೀಟರೊಂದರ ಕೈಪಿಡಿಯ ಅಡಿಗೆ ತುರುಕಿದೆ. ಸಂಜೆ ನನ್ನ ಗಂಡ ಶ್ರೀಧರ, "ಏನಂದ್ರು?" ಅಂತ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಕೊಡ್ತಿಲ್ಲ. ನೋಡೋಣ ಅಂತಿದಾರೆ." ಬರ್ಕಾದವರಿಗೂ ಅದೇ ಹೇಳಿದೆ. ಅವರು ಪಾಪ, ಫೆಬ್ರವರಿ ಕೊನೆಯವರೆಗೆ ಕಾಯುತ್ತೇವೆ ಅಂದರು. ಬೇಕು ಅಂತ ನಾನೇ ಒಪ್ಪಿಕೊಂಡಿದ್ದ ಕೆಲಸ ಅದು. ಸಿಕ್ಕ ಸಹಿಯನ್ನು ಸಿಕ್ಕಿಲ್ಲ ಅಂತ ಯಾಕೆ ಹೇಳಿದೆನೋ ದೇವರಿಗೇ ಗೊತ್ತು.

ನಮ್ಮ ಮನೆಯಲ್ಲಿ ಈ "ಕೊಡ್ತಿಲ್ಲ" ಎನ್ನುವ ಮಾತು ಹಳೆಯದು. ಅಪ್ಪ ಮೈಸೂರಿನ ಸಿನಿಮಾ ಸ್ಟುಡಿಯೋ ಒಂದರಲ್ಲಿ ಸೆಟ್ಟುಗಳಿಗೆ ಬಣ್ಣ ಹಚ್ಚುವ ವಿಭಾಗದಲ್ಲಿದ್ದ. ಮದುವೆಯಾದ ಹೊಸತರಲ್ಲಿ ಮದರಾಸಿನ ದೊಡ್ಡ ಸ್ಟುಡಿಯೋದಿಂದ ಅವನಿಗೆ ಕರೆ ಬಂತು, ಇಡೀ ವಿಭಾಗಕ್ಕೇ ಮುಖ್ಯಸ್ಥ ಮಾಡುತ್ತೇವೆ ಅಂತ. ಆದರೆ ಇಲ್ಲಿಯ ಯಜಮಾನರು ಬಿಡುಗಡೆ ಪತ್ರ ಕೊಡಲಿಲ್ಲ. ಪತ್ರವಿಲ್ಲದೆ ಅಲ್ಲಿ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಆಮೇಲೆ ಕೆಲವೇ ವರ್ಷದಲ್ಲಿ ಸ್ಟುಡಿಯೋ ಮುಚ್ಚಿತು, ಅಪ್ಪ ಅಂಗಡಿ ಬೋರ್ಡು, ಲಾರಿಯ ನಂಬರ್ ಪ್ಲೇಟು ಬರೆಯುತ್ತಾ ನಮ್ಮನ್ನು ಸಾಕಿದ. ಇದು ಅಮ್ಮ ನಮಗೆ ಅನ್ನದ ಜೊತೆ ಕಲಸಿ ತಿನ್ನಿಸಿದ ಕಥೆ. ಒಮ್ಮೆ ಆ ಯಜಮಾನರು, ವಯಸ್ಸಾಗಿ ಕೋಲೂರಿಕೊಂಡು, ಮೊಮ್ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದರು. ಅಮ್ಮ ಬಾಗಿಲಲ್ಲೇ ನಿಂತು ಪತ್ರಿಕೆ ಇಸಕೊಂಡಳು. ಒಳಗೆ ಕರೆಯಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ನಮ್ಮಮ್ಮ ಎಂಥ ಧೈರ್ಯವಂತೆ ಅಂತ ಹೆಮ್ಮೆಪಟ್ಟಿದ್ದೆ.

ಅಪ್ಪನನ್ನು ದಿನವಿಡೀ ಫ್ಲ್ಯಾಟಿನಲ್ಲಿ ಕೂಡಿಹಾಕಲು ಮನಸ್ಸಾಗದೆ ಬೆಳಿಗ್ಗೆ ನನ್ನ ಜೊತೆ ರುಸೈಲಿಗೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಅವನಿಗೆ ಇಬ್ಬರು ಸ್ನೇಹಿತರಾದರು. ಒಬ್ಬರು ಅಬು ಹಮದ್. ಇನ್ನೊಬ್ಬ ಇಸ್ಮಾಯಿಲ್, ವಿಟ್ಲದ ಕಡೆಯ ಬ್ಯಾರಿ, ನಮ್ಮ ಸ್ಟೋರ್ ಕೀಪರು. ಅಪ್ಪನಿಗೆ ಅರಬ್ಬಿ ಬಾರದು, ಅಬು ಹಮದ್‌ಗೆ ಕನ್ನಡ ಬಾರದು. ಇಸ್ಮಾಯಿಲ್ ಮಧ್ಯೆ ಕೂತು ಎರಡೂ ಕಡೆಯ ಮಾತು ಸಾಗಿಸುತ್ತಿದ್ದ. ಹತ್ತು ಗಂಟೆಗೆ ಖಾವಾ ಅನ್ನುವ ಅರಬ್ಬಿ ಕಾಫಿ, ಖರ್ಜೂರ, ಮತ್ತು ಮೈಸೂರಿನ ಸ್ಟುಡಿಯೋ.

ಅಪ್ಪ ಹೇಳುತ್ತಿದ್ದ. ಒಂದು ದೊಡ್ಡ ಕಾಂಪೌಂಡು. ಅದರೊಳಗೇ ಬಡಗಿಗಳು, ದರ್ಜಿಗಳು, ಬಣ್ಣದವರು, ಹಾಡುವವರು, ಫಿಲಂ ತೊಳೆಯುವ ಲ್ಯಾಬು, ಎರಡು ಕುದುರೆ, ಒಂದು ಕ್ಯಾಂಟೀನು. ಕಥೆ ಬರೆಯುವವರಿಗೆ ಮಾವಿನ ಮರದ ಕೆಳಗೆ ಒಂದು ಬೆಂಚು, ಮಧ್ಯಾಹ್ನದೊಳಗೆ ಇಷ್ಟು ಪುಟ ಅಂತ ಲೆಕ್ಕ. ಎಲ್ಲರಿಗೂ ತಿಂಗಳ ಸಂಬಳ. ಶೂಟಿಂಗ್ ಇರಲಿ ಬಿಡಲಿ, ಹೀರೋ ಕೂಡ ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಬಂದು ಹಾಜರಿ ಹಾಕಬೇಕು. ಅರಮನೆ ಬೇಕಾ, ನಾಲ್ಕು ದಿನದಲ್ಲಿ ಅರಮನೆ. ಮುಂದಿನ ವಾರ ಅದೇ ಹಲಗೆ ಜೈಲು, ಅದರ ಮುಂದಿನ ವಾರ ಶೆಟ್ಟರ ಮನೆ. ಯಾರೂ ಯಜಮಾನರ ಅಪ್ಪಣೆ ಇಲ್ಲದೆ ಬೇರೆ ಸ್ಟುಡಿಯೋಗೆ ಹೆಜ್ಜೆ ಇಡುವ ಹಾಗಿಲ್ಲ.

ಇಸ್ಮಾಯಿಲ್ ಅದನ್ನು ಅರಬ್ಬಿಗೆ ಹಾಕಿದ. ಅಬು ಹಮದ್ ಕಣ್ಣರಳಿಸಿ ಏನೋ ಕೇಳಿದರು.

"ಹೀರೋಗೂ ಕಫೀಲ್ ಇದ್ದರಾ ಅಂತ ಕೇಳ್ತಿದ್ದಾರೆ," ಅಂದ ಇಸ್ಮಾಯಿಲ್.

"ಹೀರೋಗೇ ಮೊದ್ಲು," ಅಂದ ಅಪ್ಪ.

ಅಬು ಹಮದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಮತ್ತೆ ಆ ಸ್ಟುಡಿಯೋ ಏನಾಯಿತು ಅಂತ ಕೇಳಿದರು. ಅಪ್ಪ ಖರ್ಜೂರದ ಬೀಜವನ್ನು ತಟ್ಟೆಯಲ್ಲಿಟ್ಟ.

"ಮೊದ್ಲು ಹೀರೋಯಿನ್ನು ಕರಾರು ಮುಗೀತು ಅಂತ ಹೋದ್ಲು. ಹೊರಗಡೆ ಒಂದೊಂದು ಪಿಕ್ಚರಿಗೆ ಒಂದೊಂದು ರೇಟು ಅಂತ ಗೊತ್ತಾಯ್ತು ನೋಡಿ, ಒಬ್ಬರ ಹಿಂದೆ ಒಬ್ಬರು ಹೊರಟ್ರು. ಆಮೇಲೆ ಕ್ಯಾಮೆರಾ ಹಗುರಾಯ್ತು, ಹೆಗಲ ಮೇಲೆ ಹೊತ್ಕೊಂಡು ಹೊಳೆದಂಡೆಗೇ ಹೋಗ್ತಾರೆ. ನಿಜವಾದ ಮನೇನೇ ಬಾಡಿಗೆಗೆ ಸಿಗೋವಾಗ ಸೆಟ್ಟು ಯಾಕೆ ಅಂದ್ರು. ಕಲರ್ ಬಂತು. ನಮ್ಮ ಫ್ಲೋರು ದಿನದ ಬಾಡಿಗೆಗೆ ಹೋಯ್ತು. ಆಮೇಲೆ ಗೋಡೌನು. ಆಮೇಲೆ ಮದುವೆ ಛತ್ರ. ನಮ್ಮ ಪಕ್ಕದ್ಮನೆ ಹುಡುಗಿ ಮದುವೆ ಅಲ್ಲೇ ಆಯ್ತು, ನಾನು ಹೋಗಿ ಊಟ ಮಾಡ್ಬಂದೆ."

ಇಸ್ಮಾಯಿಲ್ ಅಷ್ಟನ್ನೂ ಹೇಳಿ ಮುಗಿಸಿದ ಮೇಲೆ ಅಬು ಹಮದ್ ನಗಲಿಲ್ಲ. ಹಮದ್ ಆಗಲೇ ಬೇರೆ ದೇಶದಿಂದ ತಯಾರಾದ ಡಬ್ಬಗಳನ್ನು ತರಿಸಿ ನಮ್ಮ ಲೇಬಲ್ ಅಂಟಿಸುವ ಮಾತಾಡುತ್ತಿದ್ದ. ಸಿದ್ಧವಾದದ್ದೇ ಸಿಗುವಾಗ ನಾವ್ಯಾಕೆ ಕಲಸಬೇಕು ಅನ್ನುವುದು ಅವನ ವಾದ. ಅದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಜನವರಿ ನಡುವೆ ಅಪ್ಪನಿಗೆ ಕೈ ತುರಿಸಲು ಶುರುವಾಯಿತು. ನನ್ನ ಲ್ಯಾಬಿನ ಗೋಡೆ ಕೊಳಕಾಗಿದೆ, ಬಿಳಿ ಹಚ್ಚುತ್ತೇನೆ ಅಂದ. ಪೇಂಟ್ ಫ್ಯಾಕ್ಟರಿ ಅಪ್ಪಾ ಇದು, ನಿನಗೆ ಯಾವ ಬಿಳಿ ಬೇಕು ಹೇಳು, ಆರು ಥರ ಇದೆ, ಅಂದೆ. ಅವನಿಗೆ ಯಾವುದೂ ಬೇಡ. ಇಸ್ಮಾಯಿಲ್‌ನನ್ನು ಕಳಿಸಿ ಸೂಕ್ ಪೇಟೆಯಿಂದ ಸರೇಸು, ಸೀಮೆಸುಣ್ಣದ ಪುಡಿ, ಹಳದಿ ಮಣ್ಣು, ಬಟ್ಟೆಗೆ ಹಾಕುವ ನೀಲಿ ತರಿಸಿದ. ಹಾಟ್ ಪ್ಲೇಟಿನ ಮೇಲೆ ಅಂಟು ಕುದಿಯಿತು. ಇಡೀ ಲ್ಯಾಬು ಚಪ್ಪಲಿ ಅಂಗಡಿಯಂತೆ ನಾತ ಹೊಡೆಯಿತು. ಬ್ರಷ್ ಹುಡುಕುತ್ತಾ ನನ್ನ ಡ್ರಾಗಳನ್ನೆಲ್ಲ ಎಳೆದಾಡುತ್ತಿದ್ದಾಗ ನಾನು ರೇಗಿದೆ. "ನನ್ನ ಡ್ರಾ ಮುಟ್ಟಬೇಡ ಅಪ್ಪಾ, ಕೇಳಿದ್ರೆ ನಾನೇ ಕೊಡ್ತೀನಲ್ಲ." ಅವನು ಕಿವಿ ಕೇಳಿಸದವನ ಹಾಗೆ ಇನ್ನೊಂದು ಡ್ರಾ ಎಳೆದ.

ಎರಡು ದಿನದಲ್ಲಿ ಗೋಡೆ ಮುಗಿಯಿತು. ಬಿಳಿ ಅಂದರೆ ನಂಬುವ ಹಾಗಿರಲಿಲ್ಲ. ಅಕ್ಕಿ ತೊಳೆದ ನೀರಿಗೆ ಚಿಟಿಕೆ ಅರಿಸಿನ ಬಿದ್ದ ಬಣ್ಣ. ಶುಕ್ರವಾರ ನನ್ನ ಮಗಳು ಅನನ್ಯ ಫೋಟೋದಲ್ಲಿ ನೋಡಿ, "ತಾತಾ, ದಟ್ಸ್ ನಾಟ್ ವೈಟ್" ಅಂತ ತೀರ್ಪು ಕೊಟ್ಟಳು.

"ನಿಜವಾದ ಬಿಳೀನ ಆಗಿನ ಕಪ್ಪು-ಬಿಳುಪು ಕ್ಯಾಮೆರಾಗೆ ತೋರ್ಸಿದ್ರೆ ಕಣ್ಣು ಕೋರೈಸುತ್ತೆ ಕಂದ," ಅಂದ ಅಪ್ಪ. "ಬಿಳಿ ಕಾಣ್ಬೇಕು ಅಂದ್ರೆ ಬಿಳಿ ಹಚ್ಚಬಾರ್ದು. ನಮ್ಮ ರಾಜನ ಅರಮನೆ ತಿಳಿ ಹಳದಿ. ರಾಣಿಯ ಬಿಳಿ ಸೀರೆ ತಿಳಿ ನೀಲಿ. ರಕ್ತ ಅಂತ ಸುರೀತಿದ್ದುದು ಕಂದುಬಣ್ಣ. ನೀವೆಲ್ಲ ಪರದೆ ಮೇಲೆ ನೋಡಿದ್ದು ಬೇರೆ, ನಾವು ಅಲ್ಲಿ ನಿಂತು ನೋಡಿದ್ದು ಬೇರೆ."

ಮೇಲಾಗಿ ಗೋಡೆಯನ್ನು ಪೂರ್ತಿ ಹಚ್ಚಿರಲಿಲ್ಲ. ಬೀರುವಿನ ಹಿಂದಿನ ಭಾಗವನ್ನು ಗೆರೆ ಎಳೆದ ಹಾಗೆ ಬಿಟ್ಟಿದ್ದ. ಕೇಳಿದರೆ, "ಅಲ್ಲಿಗೆ ಕ್ಯಾಮೆರಾ ಬರಲ್ಲ," ಅಂದ. ಸ್ಟುಡಿಯೋದಲ್ಲಿ ಕ್ಯಾಮೆರಾ ನೋಡದ ಕಡೆ ಒಂದು ಕುಂಚ ಹೆಚ್ಚು ಎಳೆದರೂ ಬೈಗುಳ ಬೀಳುತ್ತಿತ್ತಂತೆ.

ನನ್ನ ತಲೆ ಕೆಡಿಸಿದ್ದು ಬಣ್ಣವಲ್ಲ, ಅವನ ಬುದ್ಧಿಮಾತು. ಅಬು ಹಮದ್ ನನಗೆ ಬಿಡುಗಡೆ ಕೊಡುತ್ತಿಲ್ಲ ಅಂತ ಶ್ರೀಧರ ಅವನಿಗೂ ಹೇಳಿದ್ದರು. ಒಂದು ಬೆಳಿಗ್ಗೆ ಕಾರಿನಲ್ಲಿ, "ಇಲ್ಲೇ ಇದ್ಬಿಡು ಕಣೆ. ಒಂದು ಕಾಂಪೌಂಡು, ಒಬ್ಬ ಯಜಮಾನ, ಬಣ್ಣ ನೋಡಿದ್ರೆ ನಿನ್ ಕೈ ಅಂತ ಗುರುತು ಹಿಡಿಯೋ ನಾಲ್ಕು ಜನ. ಅದು ಎಲ್ಲೂ ಸಿಗಲ್ಲ," ಅಂದ. ಅದೇ ಸಂಜೆ ಅದೇ ಕಾರಿನಲ್ಲಿ, "ಎಷ್ಟು ದಿನ ಇಲ್ಲೇ ಕೊಳೀತೀಯ? ಹೊರಡು," ಅಂದ. ಯಾವುದು ನಿಜ ಅಪ್ಪಾ ಅಂದರೆ, ಎರಡೂ ಅಂದ. ಅವನ ಬಾಯಲ್ಲಿ ಸ್ಟುಡಿಯೋ ಸೋಮವಾರ ತಾಯಿ, ಮಂಗಳವಾರ ಜೈಲು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ನನಗೆ ಯಾವುದು ದರಿ ಯಾವುದು ಪುಲಿ ಅನ್ನುವುದೇ ತಿಳಿಯದೆ ಹೋಯಿತು. ದಿನಾ ಆ ಡ್ರಾ ಎಳೆದು ನೋಡುತ್ತಿದ್ದೆ. ಕಾಗದ ಅಲ್ಲೇ ಇರುತ್ತಿತ್ತು. ಮತ್ತೆ ಮುಚ್ಚುತ್ತಿದ್ದೆ. ಯಾವತ್ತು ಹೊರಡುತ್ತೀರಿ ಅಂತ ಅಬು ಹಮದ್ ಕೂಡ ಕೇಳಲಿಲ್ಲ.

ಫೆಬ್ರವರಿ ಮೂರನೆಯ ವಾರ ಶ್ರೀಧರರ ತಾಳ್ಮೆ ಮುಗಿಯಿತು. "ಹದಿನಾಲ್ಕು ವರ್ಷ ದುಡಿಸ್ಕೊಂಡು ಒಂದು ಸಹಿ ಹಾಕಕ್ಕೆ ಆಗಲ್ವಂತಾ ಆ ಮನುಷ್ಯನಿಗೆ? ಭಾನುವಾರ ನಾನೇ ಲೇಬರ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ," ಅಂದರು. ಅವರು ಹಾಗೆಲ್ಲ ಬಾಯಿಮಾತಿಗೆ ಹೇಳುವವರಲ್ಲ. ಹೇಳಿದರೆ ಮಾಡುತ್ತಾರೆ. ಆಗಲಾದರೂ ನಿಜ ಹೇಳಬೇಕಿತ್ತು. "ಸ್ವಲ್ಪ ತಡೀರಿ," ಅಂದೆ ಅಷ್ಟೆ. ಅಪ್ಪ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

ಮರುದಿನ, ಶುಕ್ರವಾರ, ಎಲ್ಲರೂ ರುಸ್ತಾಕ್‌ಗೆ ಹೋದೆವು. ಕೋಟೆ ನೋಡಬೇಕು ಅಂತ ಅಪ್ಪನೇ ಹಟ ಹಿಡಿದಿದ್ದ. ಒಳಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟದ್ದು. ಆಮೇಲೆ ಬುರುಜನ್ನು ಸುತ್ತು ಹಾಕಿ ಹಿಂದಕ್ಕೆ ಹೋಗಿ ನೋಡಿ ಬಂದ. ಟಿಕೆಟ್ಟಿನವನು ಗಾಬರಿಯಿಂದ ನೋಡುತ್ತಿದ್ದ.

"ಹಿಂಭಾಗಾನೂ ಇದೆ," ಅಂದ ಅಪ್ಪ, ಏನೋ ಮೋಸ ಹೋದವನ ಹಾಗೆ.

"ಕೋಟೆ ಅಪ್ಪಾ. ಹಿಂಭಾಗ ಇಲ್ಲದೆ ಇರುತ್ತಾ?"

"ನಾನು ಕಟ್ಟಿದ ಎಂಟು ಕೋಟೇಲಿ ಒಂದಕ್ಕೂ ಇರ್ಲಿಲ್ಲ."

ಶ್ರೀಧರ, ಅನನ್ಯ ಮೇಲೆ ಫಿರಂಗಿ ನೋಡಲು ಹೋದರು. ಅಪ್ಪನಿಗೆ ಮೆಟ್ಟಿಲು ಹತ್ತಲು ಆಗದು, ನಾವಿಬ್ಬರೂ ಕೆಳಗೆ ನೆರಳಿನಲ್ಲಿ ಕುಳಿತೆವು. ಅವನು ಕನ್ನಡಕದ ಡಬ್ಬಿ ತೆಗೆದ. ಅದರ ತಳದ ಮಕಮಲ್ಲು ಎಬ್ಬಿಸಿ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟ. ಮಡಿಕೆಗಳು ಸವೆದು ಬೆಳಕು ಕಾಣುತ್ತಿತ್ತು. ಮೇಲೆ ಸ್ಟುಡಿಯೋದ ಮುದ್ರೆ. ಕೆಳಗೆ ಟೈಪು ಮಾಡಿದ ಮೂರು ಸಾಲು, ಅಪ್ಪನ ಹೆಸರು ಹಾಕಿ, ನಂಜುಂಡಯ್ಯನವರನ್ನು ಅವರ ಕೋರಿಕೆಯ ಮೇರೆಗೆ ನಮ್ಮ ಸಂಸ್ಥೆಯಿಂದ ಬಿಡುಗಡೆ ಮಾಡಲಾಗಿದೆ ಅಂತ. ಕೆಳಗೆ ಸಹಿ.

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಇದು ಆಮೇಲೆ ಕೊಟ್ಟಿದ್ದಾ? ಮುಚ್ಚೋವಾಗ?"

"ಅಲ್ಲ. ಕೇಳಿದ ದಿನವೇ ಕೊಟ್ರು."

"ಮತ್ತೆ ಅಮ್ಮ..."

"ಕೊಡ್ಲಿಲ್ಲ ಅಂತ ನಾನೇ ಹೇಳಿದ್ದು."

ಎದುರಿಗೆ ಯಾರದೋ ಮಕ್ಕಳು ಅಂಗಳದ ತುಂಬ ಓಡಾಡುತ್ತಿದ್ದವು. ಅಪ್ಪ ಅವರ ಕಡೆ ನೋಡುತ್ತಲೇ ಮಾತಾಡಿದ. "ಇರು ನಂಜುಂಡ, ನೀನು ಹೋದ್ರೆ ಹೇಗೆ, ಅಂತಾರೆ ಅಂದ್ಕೊಂಡು ಹೋಗಿದ್ದೆ ಕಣೆ. ಅವರು ತಲೆ ಎತ್ತಿ ನನ್ನ ಮುಖಾನೂ ನೋಡ್ಲಿಲ್ಲ. ಸಹಿ ಹಾಕಿ ಆ ಕಡೆ ತಳ್ಳಿದ್ರು. ಬೇಡ ಅಂತ ಒಂದು ಮಾತು ಅಂದಿದ್ರೆ ಜಗಳ ಆಡಿ ಹೋಗ್ಬಿಡ್ತಿದ್ದೆ. ಹೋಗು ಅಂದ್ರು ನೋಡು, ಹೋಗಕ್ಕೆ ಆಗ್ಲಿಲ್ಲ. ಮಾರ್ನೇ ದಿನ ಏನೂ ಆಗದೇ ಇದ್ದೋನ ಹಾಗೆ ಹಾಜರಿ ಹಾಕ್ದೆ. ಅವರೂ ಏನೂ ಕೇಳ್ಲಿಲ್ಲ."

"ಆ ದಿನ ಅವರು ಮನೆಗೆ ಬಂದಾಗ ನೀನು ಎಲ್ಲಿದ್ದೆ?"

"ಒಳಗೆ. ಹಜಾರದ ಬಾಗಿಲ ಹಿಂದೆ. ನಿಮ್ಮಮ್ಮ ನೀರು ಕೊಡ್ಲಿಲ್ಲ. ನಾನು ಹೊರಗೆ ಬರ್ಲಿಲ್ಲ."

ನನಗೆ ಸಿಟ್ಟು ಬಂತು. ಅಮ್ಮ ಒಬ್ಬ ನಿರಪರಾಧಿ ಮುದುಕನನ್ನು ಶಪಿಸುತ್ತಲೇ ಸತ್ತಳಲ್ಲ ಅಂತ ಸಿಟ್ಟು. ಅವಳ ಶಾಪದಲ್ಲಿ ನಾನೂ ದನಿಗೂಡಿಸಿದ್ದೆನಲ್ಲ ಅಂತ ಸಿಟ್ಟು. ಬಾಯಿಗೆ ಬಂದ ಹಾಗೆ ಬೈಯಬೇಕು ಅನ್ನಿಸಿತು. ಯಾವ ಮುಖದಿಂದ ಬೈಯಲಿ? ನನ್ನ ಸಹಿಯೂ ಡ್ರಾನಲ್ಲಿ ಕೊಳೆಯುತ್ತಿತ್ತು, ಭಾನುವಾರ ನನ್ನ ಗಂಡ ಇನ್ನೊಬ್ಬ ಮುದುಕನ ಮೇಲೆ ದೂರು ಕೊಡಲು ಹೊರಟಿದ್ದರು. ಕಾಗದವನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟೆ.

ಮನೆಗೆ ಬರುವ ದಾರಿಯಲ್ಲೇ ಶ್ರೀಧರರಿಗೆ ಹೇಳಿದೆ. "ಸಹಿ ಆಗಿದೆ."

"ಯಾವಾಗ?"

"ಡಿಸೆಂಬರಲ್ಲಿ."

ಅವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. "ತಲೆ ಕೆಟ್ಟಿದ್ಯಾ ನಿಂಗೆ?"

"ಇರಬಹುದು," ಅಂದೆ. ಹಿಂದಿನ ಸೀಟಿನಲ್ಲಿ ಅಪ್ಪ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದ.

ಭಾನುವಾರ ಹತ್ತು ಗಂಟೆಯ ಖಾವಾ ಹೊತ್ತಿಗೆ ನಾನು ಆ ಕಾಗದ ಹಿಡಿದುಕೊಂಡು ಅಬು ಹಮದ್ ಅವರ ಕೋಣೆಗೆ ಹೋದೆ. ಅಪ್ಪ, ಇಸ್ಮಾಯಿಲ್ ಇಬ್ಬರೂ ಅಲ್ಲೇ ಇದ್ದರು. ಇರಲಿ ಅನ್ನಿಸಿತು. ಅಬು ಹಮದ್ ಜೊತೆ ನಾನು ದಿನವೂ ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಿದ್ದೆ. ಅವತ್ತು ನನ್ನ ಹಿಂದಿ ಕೈಕೊಟ್ಟಿತು. "ಇಸ್ಮಾಯಿಲ್, ಅವರನ್ನ ಕೇಳಿ. ಇದಕ್ಕೆ ಸಹಿ ಹಾಕೋವಾಗ ನನ್ನ ಮುಖ ಯಾಕೆ ನೋಡಲಿಲ್ಲ ಅಂತ ಕೇಳಿ," ಅಂದೆ.

"ಮೇಡಂ, ಇದೆಂತ ಪ್ರಶ್ನೆ ಮಾರಾಯ್ರೆ."

"ಕೇಳಿ."

ಅವನು ಕೇಳಿದ. ಅಬು ಹಮದ್ ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನಿಧಾನವಾಗಿ ಮಾತಾಡಿದರು. ಇಸ್ಮಾಯಿಲ್ ತುಂಡು ತುಂಡಾಗಿ ಕನ್ನಡಕ್ಕೆ ತಂದ.

"ಮೆಷಿನ್ ಎಲ್ಲ ಮಾರುದು ಅಂತ ಹಮದ್ ಹೇಳಿ ಆಗಿತ್ತಂತೆ. ಇನ್ನು ಆರು ತಿಂಗಳು ಅಷ್ಟೆ. ಹೊರಗೆ ಹೇಳ್ಬೇಡಿ ಅಂತ ಮಗ ಹೇಳಿದ್ದು, ಹಾಗೆ ನಿಮಗೆ ಹೇಳ್ಲಿಕ್ಕೆ ಆಗ್ಲಿಲ್ಲ. ನಿಮಗಿಂತ ಮೊದಲು ಒಬ್ಬ ಕಾಗದ ತಂದಿದ್ದನಂತೆ. ಇವರು ತಲೆ ಎತ್ತಿ ಅವನ ಮುಖ ನೋಡಿದ್ರಂತೆ. ನೋಡಿದ ಮೇಲೆ ಮನಸ್ಸು ಬರ್ಲಿಲ್ಲ. ಹೋಗ್ಬೇಡ, ಇರು, ಅಂತ ಹೇಳಿಬಿಟ್ರು. ಅವ ಉಳಿದ. ಈಗ ಅವನಿಗೆ ಕೊಡ್ಲಿಕ್ಕೆ ಇಲ್ಲಿ ಕೆಲಸ ಇಲ್ಲ, ಹೊರಗಿನ ಕೆಲಸವೂ ಹೋಯ್ತು. ಆಮೇಲೆ ಬಂದ ಯಾರ ಮುಖವನ್ನೂ ನೋಡ್ಲಿಲ್ಲ ಅಂತ ಹೇಳ್ತಾರೆ. ನೋಡಿದ್ರೆ ಸಹಿ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ ಅಂತೆ."

ಇಸ್ಮಾಯಿಲ್ ಖಾವಾದ ಲೋಟವನ್ನು ಕೆಳಗಿಟ್ಟ.

"ಮೊದಲು ಬಂದದ್ದು ನಾನು, ಮೇಡಂ. ಸೋಹಾರದಲ್ಲಿ ನನ್ನ ಭಾವನ ಅಂಗಡಿಗೆ ಹೊರಟಿದ್ದೆ. ಈಗ ಅಲ್ಲಿ ಬೇರೆಯವ ಕೂತಿದ್ದಾನೆ."

ನಾನು ಯಾರ ಮುಖ ನೋಡಲಿ? ಅಬು ಹಮದ್ ಟೋಪಿಯ ಅಂಚನ್ನು ತಿರುವುತ್ತಿದ್ದರು. ಅವರು ನನ್ನನ್ನು ಸುಲಭವಾಗಿ ಬಿಟ್ಟರು ಅಂತ ಎರಡು ತಿಂಗಳು ಒಳಗೊಳಗೇ ಬೆಂದಿದ್ದೆ. ಅವರು ಸುಲಭವಾಗಿ ಬಿಡದೆ ಹಿಡಿದಿಟ್ಟುಕೊಂಡ ಮನುಷ್ಯ ಇಲ್ಲಿ ಎದುರಿಗೇ ಕೂತು, ನನಗಾಗಿ ತನ್ನ ಸುದ್ದಿಯನ್ನೇ ಅನುವಾದ ಮಾಡುತ್ತಿದ್ದ. ಇಸ್ಮಾಯಿಲ್‌ಗೆ ಅವರ ಮೇಲೆ ಸಿಟ್ಟಿದೆಯಾ ಅಂತ ಆಮೇಲೆ ಕೇಳಿದೆ. "ಇರು ಅಂತ ಹೇಳಿದ್ದು ಅವರೊಬ್ಬರೇ ಅಲ್ವಾ ಮೇಡಂ," ಅಂದ. ಅದು ಸಿಟ್ಟೋ ಸಂತೋಷವೋ ನನಗೆ ತಿಳಿಯಲಿಲ್ಲ.

ಅವತ್ತು ಆ ಕೋಣೆಯಲ್ಲಿ ಅಪ್ಪ ಖರ್ಜೂರದ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಯಾರಿಗೂ ಹೇಳದ ಹಾಗೆ, "ನಮ್ಮ ಯಜಮಾನ್ರೂ ತಲೆ ಎತ್ತಲಿಲ್ಲ," ಅಂದ. "ಆವಾಗ್ಲೇ ಗೊತ್ತಿತ್ತೋ ಏನೋ ಅವ್ರಿಗೆ, ಮುಚ್ತಾರೆ ಅಂತ." ಇಸ್ಮಾಯಿಲ್ ಅದನ್ನು ಅರಬ್ಬಿಗೆ ಹಾಕಲಿಲ್ಲ. ಅಬು ಹಮದ್ ಕೇಳಲೂ ಇಲ್ಲ. ತಟ್ಟೆಯನ್ನು ಅಪ್ಪನ ಕಡೆ ಸರಿಸಿದರು. ಅಪ್ಪ ಒಂದು ಖರ್ಜೂರ ತೆಗೆದುಕೊಂಡ, ತಿನ್ನದೆ ಕೈಯಲ್ಲೇ ಇಟ್ಟುಕೊಂಡ.

ಆ ಕಾಗದವನ್ನು ಅಂದೇ ಬರ್ಕಾದವರಿಗೆ ಕೊಟ್ಟೆ. ಮಾರ್ಚಿ ಮೊದಲ ವಾರ ಅಪ್ಪ ಮೈಸೂರಿಗೆ ಹೊರಟ. ಹೊರಡುವ ಹಿಂದಿನ ದಿನ ಲ್ಯಾಬಿಗೆ ಬರುತ್ತೇನೆ, ಗೋಡೆ ನೋಡಬೇಕು ಅಂದ. ನಾನು ಕಾರ್ಡ್‌ಬೋರ್ಡ್ ಪೆಟ್ಟಿಗೆಗೆ ನನ್ನ ಸಾಮಾನು ತುಂಬುತ್ತಿದ್ದಾಗ ಅವನು ಅದೇ ಸ್ಟೂಲಿನ ಮೇಲೆ ಕುಳಿತಿದ್ದ. ಸೆಪ್ಟೆಂಬರಿನಲ್ಲಿ ಯಂತ್ರಗಳು ಹೋದವು. ಕಾರ್ಖಾನೆ ತಯಾರಾದ ಡಬ್ಬಗಳ ಗೋದಾಮಾಯಿತು. ಅಬು ಹಮದ್ ಈಗ ತೋಟದ ಮನೆಯಲ್ಲಿರುತ್ತಾರೆ, ನಡೆಯಲು ಕಷ್ಟ. ಇಸ್ಮಾಯಿಲ್ ಸಲಾಲಾದಲ್ಲಿ ಯಾರದೋ ಸ್ಟೋರು ನೋಡಿಕೊಳ್ಳುತ್ತಾನೆ, ಈದ್‌ಗೆ ಒಂದು ಮೆಸೇಜು ಕಳಿಸುತ್ತಾನೆ. ನಾನು ಬರ್ಕಾದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಬಣ್ಣವನ್ನು ಕಂಪ್ಯೂಟರು ಕಲಸುತ್ತದೆ, ನಾನು ಸರಿ ಅಂತ ಒತ್ತುತ್ತೇನೆ. ಮೂರು ವರ್ಷವಾಯಿತು, ಬಣ್ಣ ನೋಡಿ ಇದು ವತ್ಸಲಾ ಕೈಯದ್ದು ಅಂತ ಹೇಳಬಲ್ಲವರು ಒಬ್ಬರೂ ಇಲ್ಲ. ಕೆಲಸ ಚೆನ್ನಾಗಿದೆ. ಚೆನ್ನಾಗಿದೆ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ಬುಧವಾರ ಸ್ಟೂಲಿನಿಂದ ಎದ್ದವಳು ಸುಮ್ಮನೆ ಡ್ರಾಗಳನ್ನು ಎಳೆದು ನೋಡಿದೆ. ಕೆಳಗಿನದರಲ್ಲಿ ಆ ಕೆಟ್ಟ ಮೀಟರಿನ ಕೈಪಿಡಿ ಹಾಗೇ ಇತ್ತು. ಎತ್ತಿದೆ. ಅಡಿಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಬಿಡಿಸುವ ಮೊದಲೇ ಮಡಿಕೆಯಲ್ಲಿ ಬೆಳಕು ಕಂಡಿತು. ನಂಜುಂಡಯ್ಯನವರನ್ನು ಅವರ ಕೋರಿಕೆಯ ಮೇರೆಗೆ.

ಅಲ್ಲಿಂದಲೇ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ತೆಗೆದ, ಎಂದಿನಂತೆ ಹಣೆ ಮಾತ್ರ ಕಾಣುವ ಹಾಗೆ. ನಾನು ಕಾಗದವನ್ನು ಕ್ಯಾಮೆರಾಗೆ ಹಿಡಿದೆ.

"ಓ, ಸಿಕ್ತಾ," ಅಂದ.

"ಇಲ್ಲಿ ಯಾಕಿಟ್ಟೆ ಅಪ್ಪಾ?"

"ನಿನ್ನದು ಅಲ್ಲೇ ಇತ್ತಲ್ಲ."

"ನನ್ನ ಕಾಗದ ನೋಡಿದ್ಯಾ ನೀನು? ಯಾವಾಗ?"

"ಬ್ರಷ್ ಹುಡುಕ್ತಿದ್ನಲ್ಲ, ಆವತ್ತು."

"ಮತ್ತೆ ನಂಗೆ ಯಾಕೆ ಏನೂ ಹೇಳ್ಲಿಲ್ಲ?"

"ಹೇಳಿದ್ನಲ್ಲ, ರುಸ್ತಾಕಲ್ಲಿ."

ಆಮೇಲೆ ಅವನು ಗೋಡೆ ತೋರಿಸು ಅಂದ. ಹಮದ್‌ನ ಜನ ಬೀರುವನ್ನು ಬಾಗಿಲ ಕಡೆಗೆ ಎಳೆದಿಟ್ಟಿದ್ದರು. ಅದರ ಹಿಂದೆ ಬಣ್ಣ ಕಾಣದ ಜಾಗ ಬೋಳಾಗಿ ನಿಂತಿತ್ತು. ಅಪ್ಪ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದ. "ಅಲ್ಲಿಗೂ ಕ್ಯಾಮೆರಾ ಬಂತಲ್ಲೇ," ಅಂದ.

ಎಷ್ಟೋ ದಿನದಿಂದ ಕೇಳಬೇಕು ಅಂದುಕೊಂಡದ್ದನ್ನು ಕೇಳಿಯೇಬಿಟ್ಟೆ. "ಅಪ್ಪಾ, ನಾನು ಇಲ್ಲಿಂದ ಹೋಗಿದ್ದು ಸರೀನಾ?"

"ನನ್ನ ಕೇಳಿದ್ರೆ ಹೇಗಮ್ಮಾ," ಅಂದ ಅಪ್ಪ. "ನಾನು ಹೋದವನೇ ಅಲ್ವಲ್ಲ."